ಹಿಂದಿನ ಎಡಗಡೆ ಸೀಟು

ಇದು ನಡೆದದ್ದು ಕಳೆದ ವರ್ಷ ದಸರಾ ರಜೆಯ ಎರಡನೇ ದಿನ. ಆದರೆ ಹೇಳಬೇಕಾದರೆ ಇನ್ನೂ ಐದು ತಿಂಗಳು ಹಿಂದಕ್ಕೆ, ನನ್ನ ಅತ್ತೆ ತೀರಿಕೊಂಡ ಬೇಸಿಗೆಗೆ ಹೋಗಬೇಕು. ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಕ್ಲಾಸಿನಲ್ಲಿ ಯಾರಾದರೂ ದೆವ್ವದ ಸುದ್ದಿ ಎತ್ತಿದರೆ ಚಾಕ್‌ಪೀಸ್ ಎಸೆಯುವವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನೀವೇ ನಗಬಹುದು.

ನಮ್ಮ ಮನೆಯಲ್ಲಿ ಆಗ ನಾಲ್ಕು ಜನ. ನನ್ನ ಗಂಡ ಜೋಗದ ಪವರ್ ಹೌಸಿನಲ್ಲಿ ಎಲೆಕ್ಟ್ರಿಷಿಯನ್. ಮಾವ ಫಾರೆಸ್ಟ್ ಗಾರ್ಡ್ ಆಗಿ ರಿಟೈರ್ ಆದವರು. ಅತ್ತೆಗೆ ಮಂಡಿನೋವು. ಸಣ್ಣ ಕಾರಿಗೆ ಹತ್ತುವುದೆಂದರೆ ಬಾವಿಗೆ ಇಳಿದ ಹಾಗೆ ಎಂದು ಅವರು ಗೊಣಗಿ ಗೊಣಗಿಯೇ ನಾವು ಎತ್ತರದ ಎಸ್‌ಯುವಿ ಕೊಂಡದ್ದು. ಗಾಡಿ ಮಾವನ ಹೆಸರಿನಲ್ಲಿತ್ತು. ಶೋರೂಮಿನವರ ಹತ್ತಿರ ಇದ್ದದ್ದೂ ಮಾವನ ಫೋನ್ ನಂಬರೇ.

ಹಿಂದಿನ ಎಡಗಡೆ ಸೀಟು ಅತ್ತೆಯದು. ಅದರಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತಿತ್ತು. ಮುಂದಿನ ಪರದೆಯ ಮೇಲೆ ಒಂದು ಪುಟ್ಟ ಕೆಂಪು ಮನುಷ್ಯನ ಚಿತ್ರ ಬರುತ್ತಿತ್ತು. ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಬೆಲ್ಟ್ ಹಾಕುತ್ತಿರಲಿಲ್ಲ. "ನಾನೆಂತ ಕಟ್ಟಿ ಹಾಕೋ ದನವಾ? ಬಡ್ಕಳ್ಲಿ ಬಿಡು" ಅನ್ನುತ್ತಿದ್ದರು. ಹೀಗಾಗಿ ಅತ್ತೆ ಜೊತೆಗೆ ಎಲ್ಲಿಗೆ ಹೋದರೂ ಆ ಟಿಣ್ ಟಿಣ್ ನಮ್ಮ ಜೊತೆಗೇ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಅತ್ತೆ ಹೋದರು. ಹದಿಮೂರನೇ ದಿನದ ಊಟ ಮುಗಿದ ಮಾರನೇ ದಿನ, ಬಾಡಿಗೆಗೆ ತಂದಿದ್ದ ಪಾತ್ರೆ ವಾಪಸ್ ಕೊಡಲು ನಾನೊಬ್ಬಳೇ ಗಾಡಿ ತೆಗೆದೆ. ಇಕ್ಕೇರಿ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹೋಗಿದ್ದೆನೋ ಇಲ್ಲವೋ, ಟಿಣ್ ಟಿಣ್ ಶುರುವಾಯಿತು. ಪರದೆಯಲ್ಲಿ ಕೆಂಪು ಮನುಷ್ಯ. ಹಿಂದಿನ ಎಡಗಡೆ. ಪಾತ್ರೆಗಳೆಲ್ಲ ಡಿಕ್ಕಿಯಲ್ಲಿದ್ದವು, ಸೀಟು ಖಾಲಿ ಇತ್ತು. ಹಾಡಹಗಲು ಹನ್ನೊಂದು ಗಂಟೆ. ನನ್ನ ಕೈ ಮೇಲಿನ ರೋಮವೆಲ್ಲ ಎದ್ದು ನಿಂತದ್ದು ನನಗೇ ಕಾಣುತ್ತಿತ್ತು.

ಗಂಡನಿಗೆ ಹೇಳಿದರೆ, "ಸೆನ್ಸರ್ ಕೆಟ್ಟಿರತ್ತೆ, ಶಿವಮೊಗ್ಗಕ್ಕೆ ಒಯ್ದು ತೋರ್ಸನ" ಅಂದರು. ಅಲ್ಲಿಯವರೆಗೆ ಸದ್ದು ಅಡಗಲಿ ಎಂದು ಖಾಲಿ ಸೀಟಿಗೇ ಬೆಲ್ಟ್ ಸಿಕ್ಕಿಸಿಟ್ಟರು. ಮಾರನೇ ದಿನ ನೋಡಿದರೆ ಬೆಲ್ಟ್ ಬಿಚ್ಚಿತ್ತು. ಮತ್ತೆ ಸಿಕ್ಕಿಸಿದರು. ಮತ್ತೆ ಬಿಚ್ಚಿತ್ತು. ನಾಲ್ಕನೇ ದಿನ ಕಿಟಕಿಯಿಂದ ನಾನೇ ನೋಡಿದೆ. ಬೆಳಿಗ್ಗೆ ಕಾಫಿ ಕುಡಿದು ಮಾವ ನಿಧಾನಕ್ಕೆ ಅಂಗಳಕ್ಕೆ ಹೋದರು, ಬಾಗಿಲು ತೆಗೆದರು, ಬೆಲ್ಟ್ ಬಿಚ್ಚಿದರು.

"ಅವ್ಳಿಗೆ ಅದು ಆಗ್ತಿರ್ಲಿಲ್ಲಲ್ಲ" ಅಂದರು, ನನ್ನನ್ನು ಕಂಡು.

ಅಂದಿನಿಂದ ಬೆಲ್ಟಿನ ಸುದ್ದಿಗೆ ಯಾರೂ ಹೋಗಲಿಲ್ಲ. ಗಾಡಿ ಬಡಿದುಕೊಂಡರೆ ಮಾವ ಮುಂದಿನ ಸೀಟಿನಲ್ಲಿ ಕೂತು ಸಣ್ಣಗೆ ನಗುತ್ತಿದ್ದರು. ಶಿವಮೊಗ್ಗಕ್ಕೆ ಒಯ್ಯುವ ಮಾತು ಬಂದಾಗ, "ಎಂತ ಅರ್ಜೆಂಟು? ವರ್ಷ ಕಳೀಲಿ" ಅಂದರು. ನಾನೂ ಹ್ಞೂಂ ಅಂದೆ. ಕೆಟ್ಟದ್ದು ಸೆನ್ಸರ್ ಎಂದು ತಲೆಗೆ ಗೊತ್ತಿತ್ತು. ಆದರೆ ಒಬ್ಬಳೇ ಡ್ರೈವ್ ಮಾಡುವಾಗ ಆ ಸದ್ದು ಕೇಳಿದರೆ ಹೆದರಿಕೆಯ ಜೊತೆಗೆ ಒಂದು ತರಹದ ಸಮಾಧಾನವೂ ಆಗುತ್ತಿತ್ತು. ವಿಜ್ಞಾನದ ಟೀಚರ್ ಆಡುವ ಮಾತಲ್ಲ ಇದು, ಗೊತ್ತು.

ಇಲ್ಲಿ ಮಾವನ ಒಂದು ಅಭ್ಯಾಸ ಹೇಳಬೇಕು. ಅವರು ಒಂದು ಕೂಗಿಗೆ ಯಾವತ್ತೂ ಓಗೊಡುವವರಲ್ಲ. "ಕಾಡಲ್ಲಿ ಯಾರೋ ಹೆಸ್ರು ಹಿಡ್ದು ಕೂಗಿದ್ರೆ ಓ ಅನ್ಬಾರ್ದು. ಮನುಷ್ಯ ಆದ್ರೆ ಮೂರನೇ ಸಲನೂ ಕೂಗ್ತಾನೆ. ಅದು ಕೂಗಲ್ಲ" ಅನ್ನುತ್ತಿದ್ದರು. 'ಅದು' ಯಾವುದು ಎಂದು ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ. ಮೂವತ್ತು ವರ್ಷ ಕಾಡಿನಲ್ಲಿ ಓಡಾಡಿ ಆ ಅಭ್ಯಾಸ ಮನೆಗೂ ಬಂದಿತ್ತು. ಊಟಕ್ಕೆ ಕರೆದರೂ ಮೂರನೇ ಸಲಕ್ಕೇ ಏಳುತ್ತಿದ್ದರು. ಅತ್ತೆ, "ನಿಮ್ಮನ್ನ ಎಬ್ಸೋಷ್ಟ್ರಲ್ಲಿ ಸಾರು ಆರತ್ತೆ" ಎಂದು ಬೈಯುತ್ತಿದ್ದರು. ಫೋನಿಗೂ ಅದೇ ಕಾನೂನು. ಗೊತ್ತಿಲ್ಲದ ನಂಬರಿನಿಂದ ಬೆನ್ನು ಬೆನ್ನಿಗೆ ಮೂರು ಸಲ ಬಂದರೆ ಮಾತ್ರ ಎತ್ತುವುದು.

ಸೆಪ್ಟೆಂಬರ್ ಹೊತ್ತಿಗೆ ಮಾವ ಬದಲಾದರು. ಊಟ ಕಡಿಮೆಯಾಯಿತು. ಹಳೇ ಸ್ನೇಹಿತರ ಮನೆಗೆ ಹೋಗಿಬರಬೇಕು ಎನ್ನತೊಡಗಿದರು. ಕೆಳದಿಯಲ್ಲಿ ಒಬ್ಬರು, ಜೋಗದಲ್ಲಿ ಇಬ್ಬರು. ಭಾನುವಾರವೆಲ್ಲ ನಾನು ಕರೆದೊಯ್ದೆ. ದುಃಖ ಮರೆಯುತ್ತಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡೆ.

ರಜೆಯ ಎರಡನೇ ದಿನ ಹೊಸನಗರದ ಒಬ್ಬ ಗೆಳೆಯರನ್ನು ಕಂಡು, ಅಲ್ಲಿಂದ ತೀರ್ಥಹಳ್ಳಿಯಲ್ಲಿರುವ ಮಾವನ ತಂಗಿಯ ಮನೆಗೆ ಹೋಗುವುದೆಂದಾಯಿತು. ಗಂಡನಿಗೆ ಶಿಫ್ಟ್ ಇತ್ತು. ಹೊಸನಗರದಲ್ಲಿ ಮಾವ ಚೀಲದಿಂದ ತಮ್ಮ ಕತ್ತಿ ತೆಗೆದು ಗೆಳೆಯರ ಕೈಗಿಟ್ಟರು. ಕೆಲಸಕ್ಕೆ ಸೇರಿದ ದಿನದಿಂದ ಸೊಂಟದಲ್ಲಿದ್ದ ಕತ್ತಿ ಅದು. ನಾವು ತೆಂಗಿನಕಾಯಿ ಸುಲಿಯಲು ಮುಟ್ಟಿದರೂ ರೇಗುತ್ತಿದ್ದರು. "ನಿನ್ ಹತ್ರ ಇರ್ಲಿ ಮಾರಾಯ" ಅಂದರು. ಗೆಳೆಯರು ನನ್ನ ಮುಖ ನೋಡಿದರು. ನಾನು ನಕ್ಕು ಗಾಡಿಯ ಕಡೆ ನಡೆದೆ.

ಹೊರಡುವಾಗ ಮಾವ ಮುಂದೆ ಕೂರಲಿಲ್ಲ. "ಇವತ್ತು ಹಿಂದೆ ಕೂರ್ತೀನಿ" ಎಂದು ಬಲಗಡೆ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡರು. ಪಕ್ಕದ ಅತ್ತೆಯ ಸೀಟು ಖಾಲಿ.

ಹೊಸನಗರ ದಾಟಿ ತೀರ್ಥಹಳ್ಳಿ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿರಬೇಕು. ಎರಡೂ ಕಡೆ ಕಾಡು, ಎದುರಿಗೆ ಒಂದು ಗಾಡಿಯೂ ಇಲ್ಲ. ಅಂದು ಟಿಣ್ ಟಿಣ್ ಎಂದಿಗಿಂತ ಜೋರಾಗಿತ್ತು, ನಡುವೆ ತಡವರಿಸುತ್ತಿತ್ತು. ಒಮ್ಮೆಲೇ ನಾಲ್ಕೂ ಬಾಗಿಲು ಟಕ್ ಎಂದು ತಾವಾಗಿ ಲಾಕ್ ಆದವು. ತೆರೆದವು. ಮತ್ತೆ ಲಾಕ್ ಆದವು. ಆಮೇಲೆ ವಾಸನೆ ಬಂತು, ಪ್ಲಾಸ್ಟಿಕ್ ಕರಟಿದ ವಾಸನೆ. ಕನ್ನಡಿಯಲ್ಲಿ ನೋಡಿದೆ. ಅತ್ತೆಯ ಸೀಟಿನ ಕೆಳಗಿಂದ ಬಿಳಿ ಹೊಗೆ ಮೇಲೇಳುತ್ತಿತ್ತು. ಮಾವ ಅದರ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಡಗೈಯನ್ನು ಆ ಖಾಲಿ ಸೀಟಿನ ಮೇಲೆ ಇಟ್ಟಿದ್ದರು.

ಗಾಡಿ ನಿಲ್ಲಿಸಿ, ಆಫ್ ಮಾಡಿ ಕೆಳಗೆ ಹಾರಿದೆ. ಹಿಂದಿನ ಬಾಗಿಲು ತೆಗೆಯಲು ಹೋದರೆ ಬರಲಿಲ್ಲ. ಮುಂದಿನ ಬಾಗಿಲಿನಿಂದ ಕೈ ಹಾಕಿ ಒಳಗಿನ ಲಾಕ್ ಎಳೆದೆ.

"ಹೊಗೆ ಬರ್ತಿದೆ, ಇಳೀರಿ" ಅಂದೆ.

ಅವರು ಕಣ್ಣು ಬಿಟ್ಟರು. ಗಾಬರಿಯೇ ಇಲ್ಲದ ಮುಖ. "ಗೊತ್ತು. ನೀ ದೂರ ಹೋಗು, ಮಗ. ನಂಗೆ ಕರೆ ಬಂದಿದೆ" ಅಂದರು.

"ಎಂತ ಕರೆ?"

"ಅವ್ಳು ಕರ್ದಾಗಿದೆ."

ಸೀಟಿನ ಅಂಚು ಕಪ್ಪಾಗತೊಡಗಿತ್ತು. ಬೆಲ್ಟ್ ಬಿಚ್ಚಿ ತೋಳು ಹಿಡಿದು ಎಳೆದೆ. ಎಪ್ಪತ್ತೆರಡು ವಯಸ್ಸಾದರೂ ಕಾಡು ತಿರುಗಿದ ಮೈ, ಅಲುಗಲಿಲ್ಲ. ಏನು ಮಾಡಬೇಕೋ ತಿಳಿಯದೆ, "ಮಾವಯ್ಯಾ" ಎಂದು ಕೂಗಿದೆ. ಅವರು ಅತ್ತ ತಿರುಗಿದರು. "ಮಾವಯ್ಯಾ" ಅಂದೆ. ಕೆಮ್ಮು ಬಂತು. ಅಳು, ಕೆಮ್ಮು ಎರಡೂ ಸೇರಿ ಇನ್ನೊಂದು ಸಲ "ಮಾವಯ್ಯಾ" ಅಂದೆ.

"ಓ" ಅಂದರು ಅವರು. ಅಂದದ್ದೇ ಕಾಲು ಹೊರಗಿಟ್ಟರು.

ನಾನು ಲೆಕ್ಕ ಹಾಕಿ ಕೂಗಿದವಳಲ್ಲ. ಅವರೂ ಯೋಚಿಸಿ ಓಗೊಟ್ಟದ್ದಲ್ಲ. ಇಡೀ ಆಯುಷ್ಯದ ಅಭ್ಯಾಸ ಅವರನ್ನು ಎಬ್ಬಿಸಿ ಹೊರಗೆ ತಂದು ನಿಲ್ಲಿಸಿತು.

ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯಿಂದ ಕೋಳಿ ತುಂಬಿದ ಪಿಕಪ್ ಒಂದು ಬಂತು. ಚಾಲಕ ಇಳಿದವನೇ, "ಬಾನೆಟ್ ಎತ್ತಿ, ಮೊದ್ಲು ಬ್ಯಾಟ್ರಿ ತೆಗೀಬೇಕು" ಎಂದು ಸ್ಪ್ಯಾನರ್ ತಂದು ವೈರು ಬಿಡಿಸಿದ. ರಸ್ತೆ ಬದಿಯ ಒದ್ದೆ ಮಣ್ಣನ್ನು ಇಬ್ಬರೂ ಬಾಚಿ ಬಾಚಿ ಸೀಟಿನ ಕೆಳಗೆ ಸುರಿದೆವು. ಹೊಗೆ ನಿಂತಿತು. ಕಾಡು ಗಪ್‌ಚುಪ್. ಪಿಕಪ್ಪಿನ ಕೋಳಿಗಳೂ ಸುಮ್ಮನಿದ್ದವು. ಆಗ ಗಾಡಿಯೊಳಗಿನಿಂದ ಟಿಣ್ ಎಂದು ಒಂದೇ ಒಂದು ಸದ್ದು ಬಂತು.

ಚಾಲಕ ತಾನು ಬಿಡಿಸಿಟ್ಟ ಬ್ಯಾಟರಿ ವೈರನ್ನು ನೋಡಿದ, ನನ್ನನ್ನು ನೋಡಿದ. "ಎಂತ ಮೇಡಂ ಅದು?" ಅಂದ. ಬ್ಯಾಟರಿ ತೆಗೆದರೂ ಎಲ್ಲೋ ಚೂರು ಕರೆಂಟ್ ಉಳಿದಿರುತ್ತದೆ ಎಂದು ಗಂಡ ಆಮೇಲೆ ಹೇಳಿದರು. ಇರಬಹುದು.

ಅದೇ ಚಾಲಕ ತೀರ್ಥಹಳ್ಳಿಯ ಒಂದು ಗ್ಯಾರೇಜಿಗೆ ಫೋನ್ ಮಾಡಿದ. ಅವರು ಬಂದು ಗಾಡಿ ಎಳೆದುಕೊಂಡು ಹೋದರು. ಮೆಕ್ಯಾನಿಕ್ ಸೀಟು ಎತ್ತಿ ತೋರಿಸಿದ. ವೈರಿನ ಕಟ್ಟು ಕಬ್ಬಿಣದ ಫ್ರೇಮಿಗೆ ಉಜ್ಜಿ ಉಜ್ಜಿ ಮೇಲಿನ ಪದರ ಕಿತ್ತುಹೋಗಿ, ಒಂದಕ್ಕೊಂದು ತಾಗಿ ಸುಟ್ಟಿತ್ತು.

"ಈ ಮಾಡೆಲ್‌ಗೆ ರೀಕಾಲ್ ಇದೆಯಲ್ಲ ಮೇಡಂ, ಕಂಪನಿನೇ ಗಾಡಿ ವಾಪಸ್ ತರ್ಸಿ ಸರಿ ಮಾಡ್ಕೊಡತ್ತೆ. ಕಂಪನಿಯೋರು ಫೋನ್ ಮಾಡಿರ್ಬೇಕಲ್ಲ?" ಅಂದ.

ಮಾವನ ಫೋನ್ ತೆಗೆದುಕೊಂಡೆ. ತೆರೆಯದ ಮೆಸೇಜುಗಳು ಸಾಲಾಗಿದ್ದವು. ಒಂದೇ ನಂಬರಿನಿಂದ ದಿನಕ್ಕೊಂದರಂತೆ ಎತ್ತದ ಕರೆಗಳು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾತ್ರ ಒಂದು ದಿನ ಬೆನ್ನು ಬೆನ್ನಿಗೆ ಮೂರು ಸಲ ಬಂದಿತ್ತು. ಮೂರನೆಯದನ್ನು ಮಾವ ಎತ್ತಿದ್ದರು. ಹನ್ನೊಂದು ಸೆಕೆಂಡು ಮಾತಾಗಿತ್ತು.

"ಅವತ್ತು ಎಂತ ಕೇಳ್ತು ಮಾವಯ್ಯ?"

ಮಾವ ಬೆಂಚಿನ ಮೇಲೆ ಕೂತು ಕೈ ನೋಡಿಕೊಳ್ಳುತ್ತಾ ಹೇಳಿದರು. "ಹೆಂಗ್ಸಿನ ಧ್ವನಿ. ಸಿಗ್ನಲ್ ಸರಿ ಇರ್ಲಿಲ್ಲ. ಹಿಂದಿನ ಎಡಗಡೆ ಸೀಟು ಅಂತು. ಹಿಂದಕ್ಕೆ ಕರೆಯಲಾಗಿದೆ, ತಡ ಮಾಡ್ದೆ ಬನ್ನಿ ಅಂತು. ಆಮೇಲೆ ಕಟ್ಟಾಯ್ತು. ಮೂರು ಸಲ ಕರೆದ್ಳಲ್ಲ, ಹೋಗ್ಲೇಬೇಕು ಅಂದ್ಕೊಂಡೆ."

ಅದೇ ನಂಬರಿಗೆ ನಾನು ವಾಪಸ್ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ರೆಕಾರ್ಡ್ ಮಾಡಿದ ಹೆಣ್ಣುಧ್ವನಿ ಪೂರ್ತಿ ಕೇಳಿಸಿತು. ಮಾನ್ಯ ಗ್ರಾಹಕರೇ, ಹಿಂದಿನ ಎಡಗಡೆ ಸೀಟಿನ ಕೆಳಗಿನ ವೈರಿಂಗ್ ದೋಷಕ್ಕಾಗಿ ನಿಮ್ಮ ವಾಹನವನ್ನು ಹಿಂದಕ್ಕೆ ಕರೆಯಲಾಗಿದೆ, ತಡ ಮಾಡದೆ ಬನ್ನಿ, ದುರಸ್ತಿ ಉಚಿತ. ಮಾವ ಇನ್ನೊಂದು ಸಲ ಹಾಕು ಅಂದರು. ಇನ್ನೊಂದು ಸಲ ಕೇಳಿದರು.

"ಹಾಗಾದ್ರೆ ಅವ್ಳು ಕರೀಲಿಲ್ವಾ?" ಅಂದರು.

ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಏನಾದರೂ ಸಮಾಧಾನ ಹೇಳೋಣ ಅನ್ನಿಸಿತು. ಆದರೆ ಸಮಾಧಾನ ಆಗಲಿ ಎಂದು ಆ ಸದ್ದನ್ನು ಐದು ತಿಂಗಳು ಬಿಟ್ಟುಕೊಂಡು ಬಂದವಳು ನಾನೇ ಅಲ್ಲವೇ? "ಇಲ್ಲ ಮಾವಯ್ಯ, ಕರೀಲಿಲ್ಲ" ಅಂದೆ. ಅವರು ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಸತ್ತ ದಿನವೂ ಅವರು ಅತ್ತಿರಲಿಲ್ಲ.

ಗಾಡಿ ಈಗ ರಿಪೇರಿಯಾಗಿದೆ, ಸದ್ದಿಲ್ಲ. ಖಾಲಿ ಸೀಟಿನ ಸದ್ದಾಗಲಿ, ಬ್ಯಾಟರಿ ತೆಗೆದ ಮೇಲೆ ಬಂದ ಆ ಒಂದು ಟಿಣ್ ಆಗಲಿ ಈಗ ನನ್ನನ್ನು ಹೆದರಿಸುವುದಿಲ್ಲ. ಹೆದರಿಸುವುದು ಬೇರೆ. ನಮ್ಮ ಜೊತೆಗೇ ಕೂತು ಊಟ ಮಾಡುತ್ತಿದ್ದ ಮನುಷ್ಯ ಒಂದು ತಿಂಗಳಿಂದ ಒಬ್ಬೊಬ್ಬರನ್ನೇ ಕಂಡು ವಿದಾಯ ಹೇಳಿ ಬರುತ್ತಿದ್ದರು. ಅವರನ್ನು ಮನೆ ಮನೆಗೆ ಡ್ರೈವ್ ಮಾಡಿಕೊಂಡು ಹೋದವಳು ನಾನು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರೋ ಏನೋ, ನಾನು ಕೇಳಲಿಲ್ಲ.

ಅಂದು ಸಂಜೆ ತಂಗಿಯ ಮನೆಯಲ್ಲಿ ಮಾವ ತಡವಾಗಿ ಊಟಕ್ಕೆ ಕೂತರು. ಎಷ್ಟೋ ದಿನಗಳ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಸಾರು ಆರಿತ್ತು, ನಾನು ಬಿಸಿ ಮಾಡಿ ತಂದು ಬಡಿಸಿ ಅವರ ಪಕ್ಕದಲ್ಲೇ ಕೂತೆ.