ಇಟಲಿ ಹೋಟೆಲಿನಲ್ಲಿ ಆರಿದ ಊಟ

ರಾಣೇಬೆನ್ನೂರಿನ ಆ ಇಟಲಿ ಹೋಟೆಲಿನಲ್ಲಿ ನಾನು ಬಿಸಿ ಊಟ ಮುಟ್ಟದೆ ಯಾಕೆ ಕೂತಿದ್ದೆ ಎಂದು ಮೊಮ್ಮಕ್ಕಳು ನೀವು ಕೇಳುತ್ತಲೇ ಇದ್ದೀರಿ. ಎದುರಿಗೆ ಹೇಳಲು ನನಗೆ ಸಂಕೋಚ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮಜ್ಜ ತೀರಿಕೊಂಡಾಗ ನಾವೆಲ್ಲ ಬ್ಯಾಡಗಿಯಲ್ಲಿ ಒಟ್ಟಿಗೇ ಇದ್ದೆವು. ನನ್ನ ಮೈದುನನ ಹೆಂಡತಿ, ನಿಮ್ಮ ಸಣ್ಣಜ್ಜಿ, ದಿನಕರ್ಮ ಮುಗಿದ ಮರುದಿನವೇ ಅಡುಗೆಮನೆ ಬಾಗಿಲಲ್ಲಿ ನಿಂತು, “ಇನ್ನ ಮ್ಯಾಲೆ ಮುತ್ತೈದ್ಯಾರು ಉಂಡೆದ್ದ ಮ್ಯಾಲೆ ನೀವು ಉಣ್ರಿ ಅಕ್ಕಾ. ಇಲ್ಲಂದ್ರ ಮನಿಗೆ ಛಲೋ ಅಲ್ಲ” ಎಂದಳು.

ನಾನೇ ಬಡಿದ ರೊಟ್ಟಿ ನನ್ನ ಪಾಲಿಗೆ ಬರುವಷ್ಟರಲ್ಲಿ ಸೆಟೆದಿರುತ್ತಿತ್ತು. ನಾನು ಕಾಯುತ್ತಿರುವುದು ಕಂಡರೂ ಅವಳು ಬೆರಳು ನೆಕ್ಕುತ್ತ ಮತ್ತೊಮ್ಮೆ ಮೊಸರು ಕೇಳುತ್ತಿದ್ದಳು. ಹೋಳಿಗೆಯನ್ನು ಬಿಸಿಯಾಗಿ ತಿಂದ ನೆನಪೇ ನನಗಿಲ್ಲ.

ಮುಂದೆ ಮನೆ ಪಾಲಾಗಿ ಅವರು ಹಾವೇರಿಗೆ ಹೋದರು. ಹೋದ ವರ್ಷ ಮೈದುನನೂ ತೀರಿಕೊಂಡ. ಕಡೆಗೆ ಉಣ್ಣು ಎಂದು ಅವಳಿಗೆ ಯಾರೂ ಹೇಳಲಿಲ್ಲ. ತಾನು ಮಾಡಿದ ಕಟ್ಟಳೆಯನ್ನು ಅವಳೂ ಮರೆತಳು. ನಾನು ಮರೆಯಲಿಲ್ಲ.

ನಿಮ್ಮಕ್ಕನ ನಿಶ್ಚಯವಾದ ಖುಷಿಗೆ ಬೀಗರು ಆ ಹೋಟೆಲಿಗೆ ಕರೆದರಲ್ಲ, ಅವತ್ತು ಸಣ್ಣಜ್ಜಿ ನನ್ನ ಪಕ್ಕದಲ್ಲೇ ಕೂತಳು. “ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ, ಲಗೂ ತರ್ರಿ” ಎಂದು ಬಡಿಸುವವನಿಗೆ ಅವಸರ ಮಾಡಿದಳು. ಹಿಟ್ಟು ನಾದುವ ಪರಾತದಂಥ ಅಗಲ ತಟ್ಟೆಗಳು ಬಂದವು. ನಡುವೆ ಒಂದು ಹಿಡಿ ದಪ್ಪ ಶಾವಿಗೆ, ಮೇಲೆ ಕರಗುತ್ತಿದ್ದ ಚೀಸು. ಘಮ ಚೆನ್ನಾಗಿತ್ತು. ಅವಳು ಫೋರ್ಕ್ ಎತ್ತಿದಳು.

“ತಡಿಯವಾ, ಮುತ್ತೈದ್ಯಾರು ಇನ್ನೂ ಉಂಡಿಲ್ಲ” ಎಂದೆ. ನನ್ನ ಧ್ವನಿ ನನಗೇ ಹೊಸದಾಗಿತ್ತು.

ಅವಳು ನಕ್ಕಳು. “ಹೋಟೆಲ್‌ನ್ಯಾಗ ಎಂಥಾದ್ದ ಅದು, ಅಕ್ಕಾ!”

“ಹುಡುಗಿ ನಿಶ್ಚಯ ಆಗೇತಿ. ಮನಿಗೆ ಛಲೋ ಅಲ್ಲ ಅಂತ ನೀನ ಹೇಳಿದ್ದಿ. ನಿನ್ನ ಜೋಡಿ ನಾನೂ ಕುಂದ್ರತೀನಿ, ತಗೋ.”

ಬೀಗಿತಿ ತಲೆಯಾಡಿಸಿದರು. “ಹಿರ್ಯಾರು ಹೇಳೋದು ಖರೇ ಐತಿ ಬಿಡ್ರಿ.” ಹೊಸ ಬೀಗರ ಮುಂದೆ ಅವಳು ಏನು ವಾದ ಮಾಡುತ್ತಾಳೆ? ಫೋರ್ಕ್ ಕೆಳಗಿಟ್ಟಳು.

ನಿಮ್ಮವ್ವ ಪಾಪ, ಗಾಬರಿಯಲ್ಲಿ ಗಬಗಬ ತಿನ್ನತೊಡಗಿದಳು. “ಸಾವಕಾಶ ಉಣ್ಣವ್ವಾ. ಇನ್ನಷ್ಟು ತರಿಸ್ಕೋ” ಎಂದೆ. ಸಣ್ಣಜ್ಜಿ ನನ್ನತ್ತ ತಿರುಗಿದಳು. ಆಗ ಅವಳಿಗೆ ಎಲ್ಲ ನೆನಪಾಯಿತು. ಅವಳ ತಟ್ಟೆಯ ಚೀಸು ಹೊಳಪು ಕಳೆದುಕೊಂಡು ಬಿಗಿಯಿತು. ನಾನು ಅದನ್ನೇ ನೋಡುತ್ತ ಕೂತೆ.

ಬಡಿಸುವವನು ಬಂದು, “ಅಜ್ಜಿ, ಬಿಸಿ ಮಾಡಿ ತರ್ಲೇನ್ರಿ?” ಎಂದ. ಅವಳು ತಟ್ಟೆಯನ್ನು ಅವನತ್ತ ಸರಿಸಿಯೇಬಿಟ್ಟಿದ್ದಳು.

“ಬ್ಯಾಡಪ್ಪಾ, ನಮ್ಮನ್ಯಾಗ ಹಿಂಗ ನಡೀತೈತಿ” ಎಂದು ನಾನು ಅದನ್ನು ಹಿಂದಕ್ಕೆಳೆದೆ.

ಎಲ್ಲರದೂ ಮುಗಿದ ಮೇಲೆ ಇಬ್ಬರೂ ಶುರುಮಾಡಿದೆವು. ಅವಳಿಗೆ ಎರಡನೇ ತುತ್ತು ಇಳಿಯಲಿಲ್ಲ. ನಾನು ಒಂದು ಎಳೆಯನ್ನೂ ಬಿಡದೆ ತಿಂದೆ. ಆರಿದ್ದು ನನಗೆ ರೂಢಿ.