ಮನೆಮಂದಿಗೆಲ್ಲ ಒಂದೇ ಸಹಿ

ಆ ಭಾನುವಾರ ಬೆಳಗ್ಗೆ ಒಂಬತ್ತರೊಳಗೆ ಮಾಡಿ ಮುಗಿಸಿದ್ದು ಇಷ್ಟು. ಹಾಲು ಕಾಯಿಸಿ ಹೆಪ್ಪು ಹಾಕಿದೆ. ಹಿತ್ತಲಿನ ಟೊಮೆಟೊ ಗಿಡಗಳಿಗೆ ನೀರು ಬಿಟ್ಟೆ. ವಾರಕ್ಕಾಗುವ ಐದು ಶರ್ಟು ಇಸ್ತ್ರಿ ಮಾಡಿದೆ. ಕಾರಿಗೆ ಪೆಟ್ರೋಲ್ ತುಂಬಿಸಿಕೊಂಡು ಬಂದೆ. ಒಂಬತ್ತು ಮನೆಗಳಿಗೆ ಫೋನು ಮಾಡಿ, ನಾನು ಬಂದಾಗ ಮನೆಯವರೆಲ್ಲ ಇರಬೇಕು, ಒಬ್ಬರಿದ್ದರೆ ಸಾಲದು ಎಂದು ಹೇಳಿದೆ. ಕೆಂಪು ಪೆನ್ನಿನಲ್ಲಿ ಮೂವತ್ತೊಂದು ಹೆಸರು ಹೊಡೆದು ಹಾಕಿದೆ. ಈ ಕೊನೆಯ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ತೊಂಬತ್ತರ ದಶಕದ ನಡುವಿನ ಮಾತು. ರಾಕ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಎಪ್ಪತ್ತರ ಹತ್ತಿರದ ಅಮೆರಿಕನ್ ಹೆಂಗಸು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಅವರಿಗೆ ಟೀಚರ್ ಎಂದೇ ಹೆಸರು. ಒಂದು ಸಣ್ಣ ರಾಜಕೀಯ ಪಕ್ಷದ ಮೇರಿಲ್ಯಾಂಡ್ ಶಾಖೆಗೆ ಅವರು ಕಾರ್ಯದರ್ಶಿ. ಅವರ ಬೇಸ್‌ಮೆಂಟೇ ರಾಜ್ಯ ಕಚೇರಿ. ಅಲ್ಲೊಂದು ಫ್ಯಾಕ್ಸ್ ಮೆಷೀನು, ಎರಡು ಮಡಿಸುವ ಮೇಜು, ವಾಷಿಂಗ್ ಮೆಷೀನಿನ ಮೇಲೆ ಕರಪತ್ರದ ಕಟ್ಟುಗಳು. ನದಿ ಶುಚಿಯಾಗಿರಬೇಕು, ಬಸ್ಸು ಹೆಚ್ಚಬೇಕು, ರಸ್ತೆ ಅಗಲ ಮಾಡುವುದು ನಿಲ್ಲಬೇಕು, ಪಕ್ಷದ ಮಾತು ಹೆಚ್ಚುಕಡಿಮೆ ಇಷ್ಟೇ. ಶಾಖೆ ಹುಟ್ಟಿದ ಮೇಲೆ ಗೆದ್ದವರು ಒಬ್ಬರೇ, ಒಂದು ಪುಟ್ಟ ಊರಿನ ಕೌನ್ಸಿಲ್‌ಗೆ. ಎದುರಿಗೆ ಯಾರೂ ನಿಂತಿರಲಿಲ್ಲ. ಆ ಮನುಷ್ಯನ ಫೋಟೋ ಟೀಚರ್ ಅವರ ಫ್ರಿಜ್ಜಿನ ಮೇಲಿತ್ತು.

ದೊಡ್ಡ ಪಕ್ಷಗಳ ಹೆಸರು ಮತಪತ್ರದಲ್ಲಿ ತಾನಾಗಿ ಅಚ್ಚಾಗುತ್ತದೆ. ಸಣ್ಣ ಪಕ್ಷ ಮತದಾರರ ಸಹಿ ಕೂಡಿಸಿ ತಂದು ಜಾಗ ಕೇಳಬೇಕು. ಹಿಂದಿನ ಚುನಾವಣೆಯಲ್ಲಿ ಮತ ತೀರ ಕಡಿಮೆ ಬಿದ್ದು ಇವರ ಜಾಗ ಹೋಗಿತ್ತು. ಮತ್ತೆ ಮೊದಲಿನಿಂದ ಸಹಿ ಕೂಡಿಸುತ್ತಾ ಬಂದು ಇನ್ನೇನು ಮುಟ್ಟಿದೆವು ಎನ್ನುವಷ್ಟರಲ್ಲಿ ಇಪ್ಪತ್ತೈದರಷ್ಟು ಕೊರತೆ. ಸೋಮವಾರ ಸಂಜೆಯೊಳಗೆ ಹಾಳೆಗಳು ರಾಜಧಾನಿ ಅನಾಪೊಲಿಸ್‌ನ ಚುನಾವಣಾ ಕಚೇರಿಗೆ ಸೇರದಿದ್ದರೆ ಆ ವರ್ಷ ಪಕ್ಷ ಇದ್ದೂ ಇಲ್ಲದಂತೆ.

ನಾನು ಹಿಂದಿನ ವರ್ಷವಷ್ಟೇ ಸಿಟಿಜನ್ ಆಗಿದ್ದೆ. ಟೀಚರ್ ಜೊತೆ ಕೂತು ಕಾಗದ ಮಡಿಸುವುದು, ಕವರಿಗೆ ಸ್ಟಾಂಪು ಅಂಟಿಸುವುದು ನನಗೆ ಹಿಡಿಸಿತ್ತು. ಶನಿವಾರ ನಮ್ಮ ಕನ್ನಡದವರ ಪಿಕ್ನಿಕ್ ಇದೆ, ಅಲ್ಲಿ ಸಹಿ ಹಾಕಿಸಿ ನಾನು ತರುತ್ತೇನೆ ಎಂದೆ. ಬಿಸಿಬೇಳೆಬಾತಿನ ಟ್ರೇ ಪಕ್ಕದಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ಕೂತೆ. ಅವರು ಹೇಳಿಕೊಟ್ಟಂತೆ, ಸಿಟಿಜನ್ ಹೌದೇ, ವೋಟರ್ ಪಟ್ಟಿಯಲ್ಲಿದ್ದೀರಾ ಎಂದು ತಪ್ಪದೆ ಕೇಳಿದೆ. ಎರಡು ಗಂಟೆಯಲ್ಲಿ ಹಾಳೆಗಳು ತುಂಬಿದವು. ಹೆಮ್ಮೆಯಿಂದ ಸಂಜೆಯೇ ಒಯ್ದು ಕೊಟ್ಟೆ.

ಟೀಚರ್ ಒಂದೊಂದು ಸಾಲಿನ ಕೆಳಗೂ ಸ್ಕೇಲು ಇಟ್ಟು ನೋಡುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಧಾನವಾಯಿತು. ಗಂಡ, ಹೆಂಡತಿ, ಕಾಲೇಜಿನ ಮಗಳು, ಮೂರು ಸಾಲು, ಮೂರಕ್ಕೂ ಒಂದೇ ಕೈಬರಹ. ಮುಂದಿನ ಮನೆಯದ್ದೂ ಹಾಗೆಯೇ. ಆಮೇಲೆ ಸ್ಕೇಲು ನನ್ನ ಹೆಸರಿನ ಕೆಳಗೆ ಬಂದು ನಿಂತಿತು. ಅದರ ಕೆಳಗಿನ ಸಾಲು ನಮ್ಮ ಯಜಮಾನರದ್ದು. ಆ ಸಹಿಯೂ ನನ್ನದೇ.

ಅವರಿಗೆ ಹೇಗೆ ತಿಳಿಸಿ ಹೇಳುವುದು? ಸತ್ಯನಾರಾಯಣ ಪೂಜೆಯ ಸಂಕಲ್ಪದಲ್ಲಿ ಮನೆಯ ಯಜಮಾನನ ಹೆಸರು, ಗೋತ್ರ ಹೇಳಿದರೆ ಉಳಿದವರೆಲ್ಲ ಅದರಲ್ಲೇ ಬಂದ ಹಾಗೆ. ಪಿಕ್ನಿಕ್ಕಿಗೆ ಹೆಸರು ಕೊಡುವಾಗಲೂ ಯಾರ ಕೈಯಲ್ಲಿ ಪೆನ್ನಿದೆಯೋ ಅವರೇ ಮನೆಮಂದಿಯದ್ದೆಲ್ಲ ಬರೆಯುತ್ತಾರೆ. ನನ್ನ ಕಣ್ಣೆದುರೇ ಬರೆದಿದ್ದರು. ನನಗದು ತಪ್ಪೆಂದು ಹೊಳೆಯಲೇ ಇಲ್ಲ.

ಟೀಚರ್ ಬೈಯಲಿಲ್ಲ. ಹಾಳೆ ಮಗುಚಿ ತೋರಿಸಿದರು. ಇಲ್ಲಿರುವ ಒಬ್ಬೊಬ್ಬರೂ ನನ್ನ ಮುಂದೆ ತಾವೇ ಸಹಿ ಮಾಡಿದ್ದಾರೆ ಎಂದು ಸಹಿ ತಂದ ನಾನು ಪ್ರಮಾಣ ಮಾಡಿ ರುಜು ಹಾಕುವ ಜಾಗ ಅದು. ಕಣ್ಣು ಮುಚ್ಚಿ ರುಜು ಹಾಕುವವರೂ ಇದ್ದಾರೆ, ಆದರೆ ನಿನ್ನಿಂದ ಅದನ್ನು ಕೇಳಲಾರೆ ಎಂದರು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಒಂದೂವರೆ ವರ್ಷದ ಓಡಾಟ ಅವರದ್ದು. ಅವರ ಮುಖ ನೋಡಲಾಗದೆ, ತಪ್ಪು ಸಾಲುಗಳನ್ನು ಹೊಡೆದು ಹಾಕುತ್ತೇನೆ, ಖಾಲಿ ಹಾಳೆ ಕೊಡಿ, ಅವರವರ ಕೈಯಲ್ಲೇ ಹಾಕಿಸಿ ತರುತ್ತೇನೆ ಎಂದೆ.

ಹಾಗಾಗಿ ಭಾನುವಾರದ ತಿರುಗಾಟ. ಮೊದಲ ಮನೆ ಮೈಸೂರು ಕಡೆಯವರದ್ದು. ಆಕೆ ದೋಸೆ ಕಾವಲಿ ಇಳಿಸಿ, ಕೈ ಒರೆಸಿಕೊಂಡು ಬಂದು, ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದತೊಡಗಿದರು.

"ಅದೇನೇ ಅಷ್ಟೊಂದು ಓದೋದು? ನಿನ್ನೆ ನಾನೇ ಹಾಕಿದ್ನಲ್ಲ" ಎಂದರು ಗಂಡ.

"ನೀವು ಹಾಕಿದ್ದಕ್ಕೇ ಪಾಪ ಇವರು ಮತ್ತೆ ಬಂದಿರೋದು. ಸುಮ್ನೆ ಕಾಫಿ ಕುಡೀರಿ" ಎಂದು ಆಕೆ ಸಹಿ ಹಾಕಿದರು.

ಮನೆಯಿಂದ ಮನೆಗೆ ಇದೇ ನಡೆಯಿತು. ನದಿಯ ವಿಷಯ, ಬಸ್ಸಿನ ವಿಷಯ ಹೆಂಗಸರು ವಿಚಾರಿಸಿದರು; ಪಿಕ್ನಿಕ್ಕಿನಲ್ಲಿ ಗಂಡಸರ್ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಮಧ್ಯಾಹ್ನ ಕ್ಲಾರ್ಕ್ಸ್‌ಬರ್ಗ್‌ಗೆ ಹೋದೆ. ಆಗಿನ್ನೂ ಅಲ್ಲಿ ಮೆಕ್ಕೆಜೋಳದ ಹೊಲಗಳೇ ಹೆಚ್ಚು. ಧಾರವಾಡ ಕಡೆಯ ಡಾಕ್ಟರ್ ದಂಪತಿ ಅಲ್ಲಿದ್ದರು. ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಗಂಡನ ಕಡೆ ತಿರುಗಿದರು.

"ಇದ್ರಾಗ ನನ್ನ ಹೆಸರು ನೀವ್ ಹಾಕಿದ್ರೇನು?"

"ಸಣ್ಣ ಪಕ್ಷ ಅದ. ಒಂದ್ ಸೈ ತಾನ, ಹೋಗ್ಲಿ ಬಿಡು ಅಂತ ಹಾಕಿದೆ."

"ಸಣ್ಣದಿರಲಿ ದೊಡ್ಡದಿರಲಿ, ನನ್ನ ಕೇಳಬೇಕಿತ್ತಿಲ್ಲೋ? ಸಿಟಿಜನ್ ಪರೀಕ್ಷಾಕ್ಕ ನಾನೂ ಓದೀನಿ." ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು, "ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ದಿನಾ ಡ್ಯೂಟಿಗೆ ಹೋಗುಮುಂದ ಹೈವೇದಾಗ ತಾಸುಗಟ್ಲೆ ನಿಂತಿರ್ತೀನಿ. ರಸ್ತೆ ಅಗಲ ಮಾಡಬ್ಯಾಡ್ರಿ ಅನ್ನೋರಿಗೆ ನಾ ಹೆಂಗ ಸೈ ಮಾಡ್ಲಿ?"

ಅವರ ಹೆಸರಿನ ಹಳೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದಿದ್ದನ್ನು ತೋರಿಸಿದೆ. ಅವರಿಗೆ ಸಮಾಧಾನವಾಯಿತು; ಎಂಟು ಮೆಕ್ಕೆಜೋಳದ ತೆನೆ ಚೀಲಕ್ಕೆ ಹಾಕಿಕೊಟ್ಟರು. ಒಂದು ಸಹಿ ಹೋಯಿತು. ಆದರೂ ಆ ಮನೆಯಿಂದ ಹೊರಡುವಾಗ ನನ್ನ ಮನಸ್ಸು ಹಗುರವಾಗಿತ್ತು.

ಐದರ ಹೊತ್ತಿಗೆ ಇಪ್ಪತ್ತಾರು ಬಂದಿದ್ದವು. ಒಂದು ಮನೆಯವರು ಫೋನಿನಲ್ಲಿ ಬನ್ನಿ ಎಂದು ಹೇಳಿಯೂ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಿದ್ದರು. ನಮ್ಮ ಯಜಮಾನರದ್ದೊಂದು ಬಾಕಿ. ಮನೆಗೆ ಬಂದು, ಅಡುಗೆಮನೆಯಲ್ಲಿದ್ದ ಅವರಿಗೆ ಹಾಳೆ ತೋರಿಸಿದೆ.

"ನಾನು ಇವರ ಕಡೆ ಅಂತ ನಂಗೇ ಗೊತ್ತಿರ್ಲಿಲ್ಲ. ನಿನ್ನ ಪಾರ್ಟಿ ಗೆದ್ರೆ ನಂಗ್ಯಾವ ಖಾತೆ ಕೊಡ್ತೀಯ?" ಎಂದರು.

"ಇಂಧನ. ಮೊದ್ಲು ಒಲೆ ಆಫ್ ಮಾಡಿ ಬನ್ನಿ."

ಅವರು ಒಲೆ ಆರಿಸಿ ಬಂದು, ಓದಿ, ತಮ್ಮ ಕೈಯಲ್ಲೇ ಸಹಿ ಹಾಕಿದರು. ಆಮೇಲೆ ನಾನು ಹಾಳೆಗಳನ್ನು ಮಗುಚಿ ರುಜು ಹಾಕಿದೆ.

ಸೋಮವಾರ ಟೀಚರ್ ಜೊತೆ ನಾನೂ ಅನಾಪೊಲಿಸ್‌ಗೆ ಹೋಗಿ ಬಂದೆ. ಕೆಲವು ವಾರಗಳ ಮೇಲೆ, ಸಹಿಗಳು ಸಾಕಷ್ಟಿವೆ ಎಂದು ಪತ್ರ ಬಂತು. ಲೆಕ್ಕಕ್ಕಿಂತ ಹೆಚ್ಚಾಗಿ ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು. ನವೆಂಬರಿನಲ್ಲಿ ಮತಪತ್ರದ ಕೆಳಸಾಲಿನಲ್ಲಿ ಆ ಹೆಸರು ಅಚ್ಚಾಗಿದ್ದನ್ನು ಕಂಡು, ಅಲ್ಲೇ ಒಂದು ನಿಮಿಷ ನಿಂತು ನೋಡಿದೆ. ಅವರ ಅಭ್ಯರ್ಥಿ ಎಲ್ಲರಿಗಿಂತ ಹಿಂದೆ ಬಿದ್ದರು. ಜಾಗ ಉಳಿಸಿಕೊಳ್ಳುವಷ್ಟು ಮತವೂ ಬರಲಿಲ್ಲ. ಮತ್ತೆ ಮೊದಲಿನಿಂದ ಸಹಿ.

ಮರುದಿನ ಸಂಜೆ ಆರಕ್ಕೆ ಟೀಚರ್ ನಮ್ಮ ಮನೆಗೆ ಊಟಕ್ಕೆ ಬಂದರು. ಸೋತವರ ಹಾಗೆ ಕಾಣಲಿಲ್ಲ. ಈ ಸಲ ಹೊಸಬರು ಎಷ್ಟೋ ಮಂದಿ ಹಾಳೆಯನ್ನು ಓದಿ ಸಹಿ ಮಾಡಿದರು, ಅಷ್ಟು ಸಾಕು ಎಂದರು. ಮುಂದಿನ ಸಲ ಹೆಂಗಸರಿಂದಲೇ ಶುರು ಮಾಡೋಣ ಎಂದೂ ಹೇಳಿದರು. ಸೌತೆಕಾಯಿ ಮಜ್ಜಿಗೆಹುಳಿ, ಅನ್ನ, ಹುರುಳಿಕಾಯಿ ಪಲ್ಯ, ಹಪ್ಪಳ. ಮಜ್ಜಿಗೆಹುಳಿ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಸೋಫಾದಲ್ಲಿ ಕೂತವರು ಎಂಟಕ್ಕೆ ಮೊದಲೇ ನಿದ್ದೆ ಹೋದರು. ಅವರಿಗೊಂದು ಶಾಲು ಹೊದಿಸಿ ನಾನು ಪಾತ್ರೆಗೆ ಹೋದೆ. ಬಂದು ನೋಡಿದರೆ ಎದುರಿನ ಕುರ್ಚಿಯಲ್ಲಿ ನಮ್ಮವರೂ ಮಲಗಿದ್ದರು.