ಮಾವ ಪರದೇಶದ ಧಣಿಯನ್ನು ನೋಡಿದ್ದು

ನಮ್ಮ ಕಡೆಯ ಹುಡುಗ ಮುಂಬಯಿಯ ಹೋಟೆಲೊಂದಕ್ಕೆ ಕೆಲಸಕ್ಕೆ ಸೇರುವ ಮೊದಲು ಮನೆಯ ಹಿರಿಯರೊಬ್ಬರು ಅಲ್ಲಿಗೆ ಹೋಗಿ, ಗಿರಾಕಿಯ ಹಾಗೆ ಕೂತು, ಒಂದು ಚಾ ಕುಡಿದು ಬರುವ ಕ್ರಮವಿದೆ. ತಾನು ಯಾರೆಂದು ಹೇಳಬಾರದು. ಚಾ ಮುಗಿಯುವುದರೊಳಗೆ ಕೆಲಸದವರು ಎಲ್ಲಿ ಕೂತು ಉಣ್ಣುತ್ತಾರೆ, ಧಣಿ ಉಣ್ಣುವುದು ಅದೇ ಅನ್ನವೋ ಬೇರೆಯೋ ಎಂದು ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಬಿಟ್ಟು ಹೋದವರು ಆ ಕಡೆ ಬಂದಾಗ ಒಳಗೆ ಬಂದು ಚಾ ಕುಡಿಯುತ್ತಾರೋ ಇಲ್ಲ ರಸ್ತೆಯ ಆಚೆ ಬದಿಯಿಂದ ಮುಖ ತಿರುಗಿಸಿ ಹೋಗುತ್ತಾರೋ ಎಂದು ತಿಳಿಯಬೇಕು. ನನ್ನ ಸೋದರಮಾವ ಥಾಣೆಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಜೀವಮಾನವಿಡೀ ಕೂತು ನಿವೃತ್ತರಾದವರು. ಈ ಚಾ ಪರೀಕ್ಷೆಯಲ್ಲಿ ಎಷ್ಟೋ ಹುಡುಗರ ಹಣೆಬರಹ ಓದಿದ್ದರು. ಎಷ್ಟು ಸಲ ತಪ್ಪಾಗಿ ಓದಿದ್ದರು ಎಂಬುದನ್ನು ಅವರ ಎದುರು ಯಾರೂ ಎತ್ತುತ್ತಿರಲಿಲ್ಲ.

ನಾನು ಹೋಟೆಲಿನವಳಲ್ಲ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕಲ್ಯಾಣದಲ್ಲಿ ಚಪ್ಪಲಿ ಅಂಗಡಿಯ ಮಹಡಿಯಲ್ಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಏಳು ವರ್ಷದಿಂದ ಪಾಠ ಮಾಡುತ್ತಿದ್ದೆ. ಶಹಾಡ್ ಕಡೆಯ ಕಾರ್ಖಾನೆಗಳ ಸೂಪರ್‌ವೈಸರುಗಳು ಸಂಜೆ ಶಿಫ್ಟು ಮುಗಿಸಿ ಬಂದು, ತಮ್ಮ ಬಾಸಿಗೆ ಇಂಗ್ಲಿಷಿನಲ್ಲಿ ರಜೆ ಕೇಳುವುದು ಹೇಗೆಂದು ನನ್ನಿಂದ ಕಲಿಯುತ್ತಿದ್ದರು. ನನಗೇ ರಜೆ ಸಿಗುತ್ತಿರಲಿಲ್ಲ. ಕ್ಲಾಸಿನ ಮಾಲೀಕರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಅವರು ಏಸಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು, ನಾವು ಟೀಚರುಗಳು ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಕೆಳಗಿನ ದೊಡ್ಡ ಬ್ಯಾನರಿನಲ್ಲಿ ನಮ್ಮೆಲ್ಲರ ಫೋಟೋ ಇತ್ತು. ಯಾರಾದರೂ ಕೆಲಸ ಬಿಟ್ಟರೆ ಸರ್ ಹೊಸ ಬ್ಯಾನರ್ ಮಾಡಿಸುತ್ತಿರಲಿಲ್ಲ, ಬಿಟ್ಟವರ ಮುಖದ ಮೇಲೆ ಒಂದು ಗುಲಾಬಿ ಹೂವಿನ ಸ್ಟಿಕ್ಕರ್ ಅಂಟಿಸುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಬ್ಯಾನರಿನ ತುಂಬ ಗುಲಾಬಿ ಅರಳಿ, ನಡುವೆ ನಾನು ಮತ್ತು ಸರ್ ಮಾತ್ರ ಉಳಿದಿದ್ದೆವು. ದಾರಿಹೋಕರಿಗೆ ಅದು ಮದುವೆಯ ಬ್ಯಾನರಿನ ಹಾಗೆ ಕಾಣುತ್ತಿತ್ತು.

ಆಗಲೇ ನಾನು ಗುಟ್ಟಾಗಿ ಹಾಕಿದ್ದ ಅರ್ಜಿಗೆ ಉತ್ತರ ಬಂತು. ವಿಯೆಟ್ನಾಮಿನ ಸಮುದ್ರದಂಡೆಯ ಒಂದು ಊರಿನಲ್ಲಿರುವ ಖಾಸಗಿ ಭಾಷಾ ಶಾಲೆ. ಇಂಗ್ಲಿಷ್ ಕಲಿಸಬೇಕು, ಕೋಣೆ ಕೊಡುತ್ತಾರೆ, ತಿಂಗಳ ಕೊನೆಯೊಳಗೆ ಹೂಂ ಎನ್ನಬೇಕು. ಹೋಗಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ ಆ ದಿನ ಲೋಕಲಿನಲ್ಲಿ ಕೂರಲು ಸೀಟು ಸಿಕ್ಕಿದರೂ ನಿಂತೇ ಬಂದೆ. ಆದರೆ ನಮ್ಮಲ್ಲಿ ಸೋದರಮಾವನ ಒಪ್ಪಿಗೆಯಿಲ್ಲದೆ ಹೆಣ್ಣುಮಗಳು ಉಲ್ಲಾಸನಗರದಾಚೆಗೂ ಹೋಗುವಂತಿಲ್ಲ. ಅದರಲ್ಲೂ ಮಾವ ನಮ್ಮ ಮನೆಯಲ್ಲೇ ಇದ್ದವರು.

"ಮಾವ ಒಮ್ಮೆ ನೋಡಿ ಬರಲಿ," ಎಂದಳು ಅಮ್ಮ. ನಾವು ಮನೆಯಲ್ಲಿ ಜಗಳವಾಡುವುದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಅದೇ ಕಾರಣ.

"ಎಲ್ಲಿಗೆ ಹೋಗಿ ನೋಡುದು? ಅದು ಘಾಟ್ಕೋಪರಾ?" ಎಂದೆ.

"ಪರದೇಶ ಆದ್ರೆ ಎಂತ? ಧಣಿ ಧಣಿಯೇ ಅಲ್ವಾ," ಎಂದರು ಮಾವ.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದಿದ್ದರೂ ಡೊಂಬಿವಲಿಯಲ್ಲಿ ಆಗ ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುತ್ತಿತ್ತು. ಮಾವನ ಮಗಳ ಮನೆ ನೆರೂಳದಲ್ಲಿ. ಅಲ್ಲಿ ಕರೆಂಟ್ ಹೋಗುವುದಿಲ್ಲ. ಅವಳ ಗಂಡ ಬೆಂಗಳೂರಿನವನು, ಫೈನಾನ್ಸ್ ಕಂಪನಿಯಲ್ಲಿ ಕೆಲಸ, ಟೊಮೆಟೊ ಕೊಳ್ಳುವ ಮೊದಲೂ ಇಂಟರ್‌ನೆಟ್ಟಿನಲ್ಲಿ ಅಭಿಪ್ರಾಯ ಓದುವ ಜಾತಿ. ಭಾನುವಾರ ನಾವು ಮೂವರು ಅಲ್ಲಿಗೆ ಹೋದೆವು. ಅಷ್ಟರಲ್ಲಿ ಅವನು ಆ ಶಾಲೆಯಲ್ಲಿ ಹಿಂದೆ ಕೆಲಸ ಮಾಡಿದವರು ಬರೆದದ್ದನ್ನೆಲ್ಲ ಹುಡುಕಿ ಇಟ್ಟಿದ್ದ.

"ನೋಡಿ ಮಾವ, ಹನ್ನೆರಡು ಜನ ತುಂಬಾ ಚೆನ್ನಾಗಿದೆ ಅಂದಿದ್ದಾರೆ."

"ಎಲ್ಲ ಒಳ್ಳೆದು ಅಂತ ಬರ್ದವ ಒಂದೋ ಧಣಿ, ಇಲ್ಲಾ ಧಣಿಯ ಭಾವ. ಬೈದವ ಯಾರೂ ಇಲ್ವಾ?"

ಒಬ್ಬನಿದ್ದ. ಟೀಚರುಗಳ ಕೋಣೆಯಲ್ಲಿ ಇಡೀ ದಿನ ಮೀನಿನ ವಾಸನೆ, ತಡೆಯಲಾರದೆ ಬಿಟ್ಟೆ ಎಂದು ಬರೆದಿದ್ದ. ಅಳಿಯ ಅದನ್ನು ದನಿ ತಗ್ಗಿಸಿ ಓದಿದ. ಮಾವ ಮತ್ತು ಅಮ್ಮ ಮುಖ ಮುಖ ನೋಡಿಕೊಂಡರು.

"ಇದು ದೂರಾ ಮಾರಾಯ? ದಿನಾ ಮೀನು ಉಂಟು ಅಂತ ಆಯ್ತಲ್ಲ," ಎಂದರು ಮಾವ. ಆ ಗಳಿಗೆಯಲ್ಲಿ ಶಾಲೆಯ ಬಗ್ಗೆ ನಮ್ಮ ಮನೆಯಲ್ಲಿ ಮೊದಲ ಒಳ್ಳೆಯ ಅಭಿಪ್ರಾಯ ಹುಟ್ಟಿತು.

ಮುಂದಿನ ವಾರ ನೆರೂಳದಿಂದಲೇ ಶಾಲೆಯ ಮುಖ್ಯಸ್ಥೆಯ ಜೊತೆ ವಿಡಿಯೋ ಕರೆ ಇತ್ತು. ಹೆಸರಿಗೆ ಅದು ನನ್ನ ಸಂದರ್ಶನ. ಅಮ್ಮ ಧರ್ಮಾವರಂ ಸೀರೆ ಉಟ್ಟು ಬಂದಿದ್ದಳು. ಕೇಳಿದರೆ, ಫಾರಿನ್ನಿನವರು ನೋಡುತ್ತಾರಲ್ಲ ಎಂದಳು. ಲ್ಯಾಪ್‌ಟಾಪಿನ ಎದುರು ನಡುವೆ ಮಾವ, ಬಲಕ್ಕೆ ಅಳಿಯ, ಎಡಕ್ಕೆ ಅಮ್ಮ. ನನ್ನ ಅರ್ಧ ಕಿವಿ ಮತ್ತು ಒಂದು ಭುಜ ಮಾತ್ರ ಕ್ಯಾಮೆರಾಕ್ಕೆ ಸಿಕ್ಕಿತು. ಪರದೆಯಲ್ಲಿ ಐವತ್ತರ ಆಸುಪಾಸಿನ ಗಿಡ್ಡ ಕೂದಲಿನ ಮೇಡಂ ನಮ್ಮ ದಂಡನ್ನು ನೋಡಿ ಒಂದು ಕ್ಷಣ ತಡೆದು, ಆಮೇಲೆ ನಕ್ಕರು.

ಅಳಿಯನ ಪ್ರಶ್ನೆಗಳು ಸರಿಯಾದವೇ ಆಗಿದ್ದವು, ಅದನ್ನು ಒಪ್ಪುತ್ತೇನೆ. ಕೆಲಸದ ಪರವಾನಗಿ ಮಾಡಿಸಿಕೊಡುವುದು ಯಾರು, ವಾರಕ್ಕೆ ಎಷ್ಟು ತರಗತಿ, ಕಾಯಿಲೆಯಾದರೆ ಆಸ್ಪತ್ರೆ ಖರ್ಚು ಯಾರದ್ದು, ಬಿಡಬೇಕೆಂದರೆ ಎಷ್ಟು ದಿನ ಮೊದಲು ಹೇಳಬೇಕು. ಪಾಸ್‌ಪೋರ್ಟ್ ನೀವು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಾಗ ಮೇಡಂ, "ನನಗೆ ನನ್ನದೇ ಒಂದು ಇದೆಯಲ್ಲ," ಎಂದರು. ಎಲ್ಲದಕ್ಕೂ ನೇರ ಉತ್ತರ ಬಂತು. ಅಳಿಯ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಮಾವ ಕುರ್ಚಿ ಮುಂದೆಳೆದರು.

"ಮೇಡಂ, ಸ್ಟಾಫ್ ಈಟಿಂಗ್ ವೇರ್?"

ಮೇಡಂ ಲ್ಯಾಪ್‌ಟಾಪನ್ನು ಎತ್ತಿಕೊಂಡು ನಡೆದೇ ಬಿಟ್ಟರು. ಕಾರಿಡಾರು, ಚಪ್ಪಲಿಗಳ ಸಾಲು, ಒಂದು ಬೆಕ್ಕು, ಆಮೇಲೆ ಉದ್ದನೆಯ ಮೇಜು. ಐದಾರು ಟೀಚರುಗಳು ಬಟ್ಟಲಿನಲ್ಲಿ ಸಾರು, ಶಾವಿಗೆ ತಿನ್ನುತ್ತಿದ್ದವರು ತಲೆಯೆತ್ತಿ ನೋಡಿದರು. ಅಮ್ಮ ಕೈ ಮುಗಿದಳು. ಅವರೂ ಊಟದ ಕಡ್ಡಿ ಹಿಡಿದ ಕೈಯಲ್ಲೇ ಮುಗಿದರು. ಮೇಜಿನ ತುದಿಯಲ್ಲಿದ್ದ ಬಟ್ಟಲು ಮೇಡಂದು.

"ಯು, ದೆಮ್, ಸೇಮ್ ಟು ಸೇಮ್?" ಎಂದು ಮಾವ ಕೇಳಿದರು. ಮೇಡಂ ಎರಡು ಬಟ್ಟಲನ್ನೂ ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು. ಸೇಮ್ ಟು ಸೇಮೇ ಆಗಿತ್ತು. ಸಾರಿನಲ್ಲಿ ಮೀನಿನ ತುಂಡು ನನಗೂ ಕಂಡಿತು.

ವಾಪಸು ಬರುವಾಗ ಥಾಣೆಯಲ್ಲಿ ಗಾಡಿ ಬದಲಿಸುತ್ತ ಕೇಳಿದೆ: "ಪಾಸಾ ಮಾವ?"

"ಹೆಲ್ತ್ ಇನ್‌ಸ್ಪೆಕ್ಟರ್ ಬರುವ ದಿನ ಗೊತ್ತಿದ್ರೆ ಎಲ್ಲ ಹೋಟೆಲೂ ಕ್ಲೀನೇ. ಹೇಳದೆ ಹೋಗಿ ನೋಡ್ಬೇಕು."

ಹೇಳದೆ ಹೋಗುವುದು ಎಂದರೆ ಏನೆಂದು ಎರಡು ದಿನದಲ್ಲಿ ತಿಳಿಯಿತು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು ನಮಗೆ ಬೆಳಿಗ್ಗೆ ಹತ್ತೂವರೆ. ಮಾವ ಆಫೀಸಿನವರ ಜೊತೆ ನೂಕಿಸಿಕೊಂಡು ಡೊಂಬಿವಲಿಯಿಂದ ಥಾಣೆ, ಥಾಣೆಯಿಂದ ನೆರೂಳ ತಲುಪಿ, ಮಗಳ ಕೈಯಲ್ಲಿ ಆ ಶಾಲೆಗೆ ಕರೆ ಹಚ್ಚಿಸಿ ಎದುರಿಗೆ ಕೂರತೊಡಗಿದರು. ಸುಮ್ಮನೆ ಕೂತು ಬೇರೆಯವರ ಊಟ ನೋಡುವುದು ಮರ್ಯಾದೆಯಲ್ಲ ಎಂದು ಸ್ಟೀಲ್ ಡಬ್ಬಿಯಲ್ಲಿ ಅನ್ನ, ಬಂಗುಡೆ ಮೀನಿನ ಸಾರು ಕಟ್ಟಿಸಿಕೊಂಡು ಹೋಗುತ್ತಿದ್ದರು. ಹತ್ತೂವರೆಗೆ ಊಟ. "ಟುಡೇ ವಾಟ್ ಐಟಂ?" ಎಂದು ಅವರು ಕೇಳುವುದು, ಮೇಡಂ ಬಟ್ಟಲು ತೋರಿಸುವುದು, ಇವರು ಡಬ್ಬಿ ತೋರಿಸುವುದು. ಅವರ ಮಗಳು ನನಗೆ ಫೋನ್ ಮಾಡಿ, "ಮೇರೆ ಕೋ ಮಿಲ್ನೇ ಪಪ್ಪಾ ಕಭೀ ಇತ್ನಾ ನಹೀ ಆಯೇ," ಎಂದಳು, ತನ್ನನ್ನು ನೋಡಲು ಅಪ್ಪ ಇಷ್ಟು ಸಲ ಯಾವತ್ತೂ ಬಂದಿಲ್ಲವೆಂದು ಅಳುವ ದನಿಯಲ್ಲಿ. ಅವಳಿಗೆ ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ದುಃಖ ಮಾತ್ರ ಹಿಂದಿಯಲ್ಲೇ ಬರುತ್ತದೆ.

ಮೇಡಂ ನನಗೊಂದು ಈಮೇಲ್ ಬರೆದರು. ನಿಮ್ಮ ಮಾವನೂ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆಯೇ, ಹಾಗಿದ್ದರೆ ಅವರ ವಿದ್ಯಾರ್ಹತೆ ತಿಳಿಸಿ ಎಂದು. ತಮಾಷೆಯೋ ನಿಜವೋ ಗೊತ್ತಾಗದೆ ನಾನು ಕ್ಷಮೆ ಕೇಳಿ ಉತ್ತರಿಸಿದೆ.

ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಅಂದೂ ತರಗತಿ ನಡೆಯುತ್ತಿತ್ತು. ಊಟದ ನಡುವೆ ಹೆಲ್ಮೆಟ್ ಹಿಡಿದ ತರುಣನೊಬ್ಬ ಒಳಗೆ ಬಂದು, ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ತಾನೇ ಬಟ್ಟಲು ತೆಗೆದು ಬಡಿಸಿಕೊಂಡ. ಮಾವ ಅವನು ಯಾರೆಂದು ಕೇಳಿದರು.

"ಇವನು ಕಳೆದ ವರ್ಷ ನಮ್ಮನ್ನು ಬಿಟ್ಟು ಎದುರಿನ ಶಾಲೆ ಸೇರಿದ," ಎಂದರು ಮೇಡಂ. "ಅಲ್ಲಿ ಪಗಾರ ಜಾಸ್ತಿ. ಆದರೆ ಊಟಕ್ಕೆ ಇಲ್ಲಿಗೇ ಬರುತ್ತಾನೆ."

ನಾನು ಖುಷಿಯಿಂದ ಮಾವನ ಮುಖ ನೋಡಿದೆ. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕು. ಬಿಟ್ಟು ಹೋದವನು ಚಾ ಅಲ್ಲ, ಊಟವನ್ನೇ ಮಾಡುತ್ತಿದ್ದಾನೆ. ಮಾವನ ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದವರ ಹಾಗಾಯಿತು. ಡಬ್ಬಿಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು.

ಅಂದಿನಿಂದ ಪರೀಕ್ಷೆಗಳು ಒಂದರ ಬಾಲ ಹಿಡಿದು ಒಂದು ಬಂದವು. ಮೇಜು ಒರೆಸುವುದು ಯಾರು, ಫ್ಯಾನು ಧಣಿಯ ತಲೆಯ ಮೇಲೆ ಮಾತ್ರ ಇದೆಯಾ, ಗೋಡೆಯ ಕ್ಯಾಲೆಂಡರಿನ ಹಾಳೆ ತಿಂಗಳು ತಿಂಗಳು ತಿರುಗಿಸುತ್ತಾರಾ, ಬೆಕ್ಕು ದಪ್ಪಗಿದೆಯಾ. ಬೆಕ್ಕು ದಪ್ಪಗಿತ್ತು. ಕ್ಯಾಲೆಂಡರನ್ನು ಮೇಡಂ ಇವರ ಎದುರೇ ಸರಿಮಾಡಿದರು. ಅದಕ್ಕೆ ಮಾವ, "ನೋಡಿದ್ಯಾ, ಹೇಳಿದ ಮೇಲೆ ತಿರುಗಿಸಿದ್ದು," ಎಂದರು. ನನಗೆ ಮೈ ಉರಿಯಿತು. ಮಹಾರಾಯ, ನಾನೇನು ಕ್ಯಾಲೆಂಡರಿನ ಜೊತೆ ಬಾಳುವೆ ಮಾಡಲು ಹೊರಟಿದ್ದೇನಾ?

ಅತ್ತ ಕಲ್ಯಾಣದಲ್ಲಿ ಸರ್‌ಗೆ ವಾಸನೆ ಬಡಿದಿತ್ತು. ಕ್ಯಾಬಿನ್ನಿಗೆ ಕರೆದು, "ಮೇಡಂ, ಬಾಹರ್ ಜಾಕೆ ಕ್ಯಾ ಮಿಲೇಗಾ? ಆಪಣ್ ಫ್ಯಾಮಿಲಿ ಆಹೋತ್ ನಾ," ಎಂದರು. ಹೊರಗೆ ಹೋಗಿ ಸಿಗುವುದೇನು, ನಾವೆಲ್ಲ ಒಂದೇ ಕುಟುಂಬವಲ್ಲವೇ ಎಂದು. ಏಳು ವರ್ಷದಲ್ಲಿ ಆ ಕುಟುಂಬದ ಏಸಿಯನ್ನು ನಾನು ಒಳಗಿಂದ ಅನುಭವಿಸಿದ್ದು ಅದೇ ಎರಡನೆಯ ಸಲ.

ತಿಂಗಳ ಕೊನೆಯ ದಿನ ಬಂತು. ಸಂಜೆ ಕರೆಂಟ್ ಹೋಗಿತ್ತು. ಅಮ್ಮ ಮೇಣದಬತ್ತಿ ಹಚ್ಚಿಟ್ಟಿದ್ದಳು. ನಾನು ಮಾವನ ಎದುರು ಕೂತು ಕೇಳಿದೆ: "ಇವತ್ತು ಹೇಳ್ಲೇಬೇಕು. ಧಣಿ ಒಳ್ಳೆಯವಳಾ, ಅಲ್ವಾ?"

"ಒಳ್ಳೆಯವಳೇ. ನನ್ನ ಸರ್ವೀಸಲ್ಲಿ ಇಂಥ ಧಣಿಯನ್ನು ನೋಡಿದ್ದಿಲ್ಲ."

"ಮತ್ತೆಂತ?"

"ಅದೇ ಹೆದ್ರಿಕೆ. ಒಳ್ಳೆ ಧಣಿ ಸಿಕ್ಕಿದವ ಮತ್ತೆ ಊರಿಗೆ ಬರುದಿಲ್ಲ ಮಗಾ. ನಾನು ಊರಿಗೆ ತಿರುಗಿ ಹೋದ್ನಾ? ಒಂದು ವರ್ಷ ಅಂತ ಥಾಣೆಗೆ ಬಂದದ್ದು. ಕೆಟ್ಟ ಧಣಿ ಆಗಿದ್ರೆ ನೀನು ಆರು ತಿಂಗಳಲ್ಲಿ ವಾಪಸ್ ಬರ್ತಿದ್ದಿ."

ಆಗ ನನಗೆ ಬಂದ ಸಿಟ್ಟು ಯಾವ ಜನ್ಮದ್ದೋ. "ಹಾಗಾದ್ರೆ ಕಲ್ಯಾಣದಲ್ಲಿ ಏಳು ವರ್ಷ ಮೆಟ್ಟಿಲಲ್ಲಿ ಕೂತು ಉಂಡೆನಲ್ಲ, ಅಲ್ಲಿಗೆ ಒಂದು ದಿನ ಬಂದು ಯಾಕೆ ನೋಡ್ಲಿಲ್ಲ? ಎರಡು ಸ್ಟೇಷನ್ ದೂರ. ಅಲ್ಲಿಯ ಧಣಿ ಎಲ್ಲಿ ಉಣ್ತಾನೆ, ಬಿಟ್ಟವರು ಚಾ ಕುಡಿಲಿಕ್ಕೆ ಬರ್ತಾರಾ ಅಂತ ಯಾಕೆ ಕೇಳ್ಲಿಲ್ಲ? ಬಿಟ್ಟವರ ಮುಖಕ್ಕೆ ಹೂವು ಅಂಟಿಸ್ತಾನೆ ಮಾವ ಅವ!"

ಮಾವ ಮೇಣ ಕರಗಿ ತಟ್ಟೆಗೆ ಇಳಿದದ್ದನ್ನು ಉಗುರಿನಿಂದ ಕೆರೆಯತೊಡಗಿದರು.

"ಅಲ್ಲಿಂದ ನೀನು ಸಂಜೆ ಮನೆಗೆ ಬರ್ತಿದ್ದಿ ಅಲ್ವಾ," ಎಂದರು ಕೊನೆಗೆ. "ಅದಕ್ಕೆ ಕೇಳ್ಲಿಲ್ಲ."

ಅಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಕರೆಂಟ್ ಬಂದ ಮೇಲೆ ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಹೋಗಿ ಹೂಂ ಎಂದು ಬರೆದು ಕಳಿಸಿದೆ. ಮಾವ ಜೊತೆಗೆ ಬಂದು ಹೊರಗೆ ನಿಂತಿದ್ದರು. ಬೇಡ ಎನ್ನಲಿಲ್ಲ.

ಹೊರಡುವ ವಾರ ಸಾಮಾನು ತರಲು ಕಲ್ಯಾಣಕ್ಕೆ ಹೋದಾಗ ಬ್ಯಾನರಿನಲ್ಲಿ ನನ್ನ ಮುಖದ ಮೇಲೂ ಗುಲಾಬಿ ಬಂದಿತ್ತು. ಹೂವುಗಳ ನಡುವೆ ಸರ್ ಒಬ್ಬರೇ ನಗುತ್ತಿದ್ದರು. ಒಳಗೆ ಹೋಗಿ ಒಂದು ಚಾ ಕುಡಿಯೋಣವೆಂದು ನನಗೂ ಅನಿಸಲಿಲ್ಲ, ಆಚೆ ಬದಿಯ ರಸ್ತೆ ಹಿಡಿದು ಸ್ಟೇಷನ್ನಿಗೆ ಬಂದೆ.

ವಿಯೆಟ್ನಾಮಿನ ಶಾಲೆಯಲ್ಲಿ ಮೊದಲ ದಿನ ಊಟಕ್ಕೆ ಹೋದಾಗ ಉದ್ದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ನನಗಾಗಿ ತಂದು ಇಟ್ಟದ್ದಲ್ಲ, ಈಗ ಅದರ ಜಾಗವೇ ಅದು ಎಂದರು ಪಕ್ಕದ ಟೀಚರ್. ಪರದೆಯಲ್ಲಿ ನೆರೂಳದ ಊಟದ ಮೇಜು, ಅದರ ಹಿಂದೆ ಮಾವ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ನನ್ನನ್ನು ನೋಡಿಯೂ ನೋಡದವರ ಹಾಗೆ ಮೇಡಂ ಕಡೆ ತಿರುಗಿದರು.

"ಮೇಡಂ, ಹರ್ ಲೀವ್, ವೆನ್?"

"ಅವಳು ಬಂದದ್ದೇ ನಿನ್ನೆ," ಎಂದರು ಮೇಡಂ.

"ಐ ನೋ, ಐ ನೋ," ಎಂದರು ಮಾವ, ಅನ್ನ ಕಲಸುತ್ತ.